ಬೆನ್ನ ಮೇಲಿನ ಬಂಗಾಳಿ

ಭರತೇಶ ಬಸ್ತವಾಡನ ದೂರು ಒಂದೇ ಆಗಿತ್ತು: ಈ ಕೋಲ್ಕತ್ತಾದಲ್ಲಿ ತನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಕೇಳುವವರೇ ಇಲ್ಲ ಎಂದರೆ ಗತಿಯಿಲ್ಲದವನು ಎಂದು ತಿಳಿಯಬಾರದು. ಸರ್ಕಾರಿ ವಿಮಾ ಕಂಪನಿಯೊಂದರಲ್ಲಿ ಆತ ದೊಡ್ಡ ಅಧಿಕಾರಿಯೇ. 'ಸಾರ್, ಇಲ್ಲೊಂದು ಸಹಿ' ಎನ್ನುವವರು ಆಫೀಸಿನ ತುಂಬ ಇದ್ದರು. 'ಯಾಕ್ರಿ ಸಾಹೇಬ್ರ, ಮಾರಿ ಸಣ್ಣಗ ಆಗೇದಲ್ಲ' ಎನ್ನುವವರು ಮಾತ್ರ ಒಬ್ಬರೂ ಇರಲಿಲ್ಲ. ಧಾರವಾಡದಲ್ಲಿ ಹುಟ್ಟಿದವನಿಗೆ ಇದು ಸಣ್ಣ ಕೊರತೆಯಲ್ಲ. ಅಲ್ಲಿ ಹಾಲು ತರಲು ಹೊರಟವನು ತಾನು ಯಾಕೆ ಹಾಲು ತರಲು ಹೊರಟೆ ಎಂಬುದನ್ನು ಓಣಿಯ ಪ್ರತಿ ಕಟ್ಟೆಗೂ ವಿವರಿಸಿ ಮನೆ ಸೇರುವಷ್ಟರಲ್ಲಿ ಹಾಲು ಮೊಸರಾಗಿರುತ್ತದೆ. ಕಸ್ಬಾದ ಈ ಫ್ಲ್ಯಾಟಿನಲ್ಲಿ ಲಿಫ್ಟಿನೊಳಗೆ ಜೊತೆಗೆ ನಿಂತವರು ಕೆಂಪು ಅಂಕಿಗಳನ್ನು ನೋಡುತ್ತಿದ್ದರು; ಭರತೇಶನೂ ಅವನ್ನೇ ನೋಡುತ್ತಿದ್ದ. ಹಾಗೆಂದು ಬಂಗಾಳಿಗಳು ಮೂಗರಲ್ಲ. ಅವರಷ್ಟು ಮಾತಿನ ಮಲ್ಲರು ಭೂಮಂಡಲದಲ್ಲೇ ಇಲ್ಲ. ಆದರೆ ಆ ಮಾತೆಲ್ಲ ಬಂಗಾಳಿಯಲ್ಲಿ ನಡೆಯುತ್ತದೆ ಎಂಬುದೇ ತೊಡಕು. ಆರು ವರ್ಷದಲ್ಲಿ ಭರತೇಶ ಕಲಿತ ಬಂಗಾಳಿ 'ಕೊತೊ' ಮತ್ತು 'ಭಾಲೋ'. ಎಷ್ಟು ಮತ್ತು ಒಳ್ಳೇದು. ಇವೆರಡರಲ್ಲಿ ಬದನೆಕಾಯಿ ಕೊಳ್ಳಬಹುದು, ಹರಟೆ ಹೊಡೆಯಲು ಸಾಲದು.

ಮನೆಯಲ್ಲಿ ಹೆಂಡತಿ ಅಹಲ್ಯಾ ಇದ್ದಳು. ಇದ್ದಳು ಎನ್ನುವುದಕ್ಕಿಂತ ಮನೆಗೆ ಬಂದು ಹೋಗುತ್ತಿದ್ದಳು ಎನ್ನುವುದು ಸರಿ. ಮೊದಲ ವರ್ಷ ಆಕೆಯೂ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕಣ್ಣೀರು ಹಾಕಿದವಳೇ. ಆಮೇಲೆ ಬಸದಿಯಲ್ಲಿ ಮಾರವಾಡಿ ಜೈನ ಹೆಂಗಸರ ಸ್ವಾಧ್ಯಾಯ ಮಂಡಳಿ ಸಿಕ್ಕಿತು. ಆಕೆ ಹಿಂದಿ ಕಲಿತಳು, ಅವರ ಕೈಲಿ ಕಡಲೆಹಿಟ್ಟಿನ ಗಟ್ಟೆಯ ಪಲ್ಯ ಕಲಿತಳು, ಈಗ ಮಂಡಳಿಯ ಕಾರ್ಯದರ್ಶಿ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಮಂಡಳಿ, ಹೊತ್ತು ಮುಳುಗುವುದರೊಳಗೆ ಊಟ, ಊಟದ ಮೇಲೆ ಫೋನಿನಲ್ಲಿ ಮತ್ತೆ ಮಂಡಳಿ. ಪಂಪನಿಂದ ಇಲ್ಲಿಯವರೆಗೆ ಬೆಳೆದು ಬಂದ ಕನ್ನಡವು ಈ ಗಂಡ ಹೆಂಡಿರ ನಡುವೆ 'ಅನ್ನ ಕುಕ್ಕರಿನ್ಯಾಗದ' ಮತ್ತು 'ಗೀಜರ್ ಬಂದ್ ಮಾಡೀರೇನು' ಎಂಬೆರಡು ವಾಕ್ಯಕ್ಕೆ ಬಂದು ನಿಂತಿತ್ತು. ಭುವನೇಶ್ವರದಲ್ಲಿ ಓದುತ್ತಿದ್ದ ಮಗಳು ಮೇಧಾ ಫೋನು ಮಾಡಿದರೆ, "ಅಪ್ಪಾ, ಆರಾಮ? ಅವ್ವಗ ಕೊಡ್ರಿ," ಎನ್ನುತ್ತಿದ್ದಳು. ಭರತೇಶ ಕೊಡುತ್ತಿದ್ದ. ಫೋನನ್ನು ಕೈಯಿಂದ ಕೈಗೆ ದಾಟಿಸುವುದರಲ್ಲಿ ಅವನಷ್ಟು ಪಳಗಿದ ತಂದೆ ಇನ್ನೊಬ್ಬನಿರಲಿಲ್ಲ.

ಇಂಥವನಿಗೆ ಜಾಕೆಟ್ ಅಂಟಿಕೊಂಡದ್ದು ಆಫೀಸಿನ ಕೆಲಸದಲ್ಲೇ. ಟ್ಯಾಂಗ್ರಾದಲ್ಲಿ ಚರ್ಮದ ಉಡುಪು ಹೊಲಿಯುವ ಕಾರ್ಖಾನೆಯೊಂದಕ್ಕೆ ಬೆಂಕಿ ತಗುಲಿ, ವಿಮೆಯ ಸಲುವಾಗಿ ಆತ ನೋಡಲು ಹೋದ. ಸುಡದೆ ಉಳಿದ ಭಾಗದಲ್ಲಿ ಸಾಲಾಗಿ ತೂಗುತ್ತಿದ್ದವು ಹಳೆಯ ಯುದ್ಧಕಾಲದ ವಿಮಾನಯೋಧರ ಜಾಕೆಟ್ಟುಗಳು. ಹಳೆಯವಲ್ಲ, ಹಳೆಯದರ ಹೊಸ ನಕಲುಗಳು. ಪರದೇಶದ ಶೋಕಿಲಾಲರು ಹೊಲಿಗೆ ಹೊಲಿಗೆಯನ್ನೂ ಲೆನ್ಸ್ ಹಿಡಿದು ನೋಡಿ ತರಿಸಿಕೊಳ್ಳುತ್ತಾರಂತೆ. "ಹಾಕಿ ನೋಡಿ ಸಾರ್," ಎಂದ ಮಾಲೀಕ. ಭರತೇಶ ಹಾಕಿ ನೋಡಿದ. ಕನ್ನಡಿಯೊಳಗೆ ನಿಂತವನು ಬಸ್ತವಾಡರ ಮನೆಯವನೇ ಅಲ್ಲ. ಆ ಮನುಷ್ಯ ಮೋಡ ನೋಡಿದ್ದ, ಸಾವು ನೋಡಿದ್ದ, ಗೀಜರ್ ಬಂದ್ ಮಾಡುವ ಚಿಂತೆಯನ್ನು ಎಂದೂ ಮಾಡಿದವನಲ್ಲ.

(ವಿಮೆಯ ಕಡತ ಮುಗಿಯುವವರೆಗೂ ಭರತೇಶ ಕೊಳ್ಳಲಿಲ್ಲ. ಪ್ರಾಮಾಣಿಕ. ಕಡತ ಮುಗಿದ ಮಾರನೆಯ ದಿನವೇ ಕೊಂಡ.)

ಆ ದಿನ ಮೆಟ್ರೋದಲ್ಲಿ ಪಕ್ಕ ನಿಂತವನೊಬ್ಬ, "ದಾದಾ, ಏರ್ ಫೋರ್ಸ್?" ಎಂದು ಕೇಳಿದ. ಆರು ವರ್ಷದಲ್ಲಿ ಒಬ್ಬ ಅಪರಿಚಿತ ಭರತೇಶನ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಆತ ಹೌಹಾರಿ, "ಇಲ್ಲ, ಇನ್ಶೂರೆನ್ಸ್," ಎಂದುಬಿಟ್ಟ. ಕೇಳಿದವನು ಮೊಬೈಲಿಗೆ ತಲೆ ಬಗ್ಗಿಸಿದ. ವಿಮೆಗೂ ವಿಮಾನಕ್ಕೂ ನಡುವೆ ಇರುವುದು ಒಂದೆರಡು ಅಕ್ಷರ, ಆದರೆ ಆ ಕಂದಕ ಎಷ್ಟು ಆಳ ಎಂಬುದು ಭರತೇಶನಿಗೆ ಅಂದು ತಿಳಿಯಿತು. ಮುಂದಿನ ಸಲ ಯಾರಾದರೂ ಕೇಳಿದರೆ ಸುಮ್ಮನೆ ಒಂದು ನಗೆ ನಕ್ಕು ಕಿಟಕಿಯಾಚೆ ನೋಡಬೇಕೆಂದು ನಿಶ್ಚಯಿಸಿದ. (ಮೆಟ್ರೋ ನೆಲದೊಳಗಿದ್ದರೆ ಕಿಟಕಿಯಾಚೆ ಏನೂ ಕಾಣುವುದಿಲ್ಲ. ಆದರೂ.)

ಮನೆಯಲ್ಲಿ ಬೇರೆಯೇ ಯುದ್ಧ ಕಾದಿತ್ತು.

"ಏನದು?" ಎಂದಳು ಅಹಲ್ಯಾ, ಬಾಗಿಲಲ್ಲೇ.

"ಜಾಕೀಟು."

"ಯಾತರದು?"

ತೊಗಲು ಎನ್ನಲು ನಾಲಿಗೆ ಏಳದೆ ಭರತೇಶ, "ಲೆದರ್," ಎಂದ. ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಅರ್ಧಕ್ಕಿಳಿಯುತ್ತದೆ ಎಂದು ವಿದ್ಯಾವಂತರ ನಂಬಿಕೆ.

"ಯಾರ ತೊಗಲು?"

"ಯಾರದಂದ್ರ? ಆಡಿಂದು."

"ನೆಲದಾಗಿನ ಹುಳಾ ಸಾಯ್ತಾವಂತ ಬಟಾಟಿ ಬಿಟ್ಟ ಮನಿ ಇದು. ನೀವು ಇಡೀ ಆಡನ್ನ ಬೆನ್ನ ಮ್ಯಾಲೆ ಹೊತ್ಕೊಂಡ ಬಂದೀರಿ."

"ನಾ ಏನ್ ಕೊಂದೆನೇನು? ಅದು ಮೊದ್ಲ ಸತ್ತಿತ್ತು."

"ಹೌದು, ಮುಂದ ನೀವು ಹಾಕ್ಕೋತೀರಂತ ಗೊತ್ತಾಗಿ ಎದಿ ಒಡಕೊಂಡ ಸತ್ತಿರಬೇಕು. ಜನಾ ನನ್ನ ಧರ್ಮಪತ್ನಿ ಅಂತಾರ. ಇನ್ನ ನಿಮ್ಮನ್ನ ಚರ್ಮಪತಿ ಅನ್ನಲಿ."

"ಅಹಲ್ಯಾ, ಇದು ಇತಿಹಾಸ ಅದ. ನೋಡು, ಈ ಜಾಕೀಟಿಗೆ ಕೈ ಇಡೂ ಕಿಸೇನ ಇಲ್ಲ. ಯಾಕಂದ್ರ ಸೈನಿಕರು ಕಿಸೇದಾಗ ಕೈ ಹಾಕ್ಕೊಂಡು ನಿಂದರಬಾರದಂತ."

"ನೀವೂ ನಿಂದರಬ್ಯಾಡ್ರಿ. ಹೋಗಿ ತಲಿಮ್ಯಾಲೆ ನೀರ್ ಹಾಕ್ಕೋರಿ. ಆ ಇತಿಹಾಸ ಒಳಗ ಬರಬಾರದು. ಚಪ್ಪಲಿ ಹೊರಗ ಇರ್ತಾವ, ಚಪ್ಪಲಿ ಅಣ್ಣನೂ ಅಲ್ಲೇ ಇರ್ಲಿ."

ಹೀಗೆ ಜಾಕೆಟ್ಟು ಬಾಗಿಲಾಚೆ, ಮೆಟ್ಟಿಲ ಬಳಿಯ ಚಪ್ಪಲಿ ಕಪಾಟು ಸೇರಿತು. ಭರತೇಶ ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ನಿಂತು ಅದನ್ನು ತೊಡಬೇಕು. ಬರುವಾಗ ಅಲ್ಲೇ ಕಳಚಿ ಸೀದಾ ಬಚ್ಚಲಿಗೆ ಹೋಗಬೇಕು. ಕೋಲ್ಕತ್ತಾದ ಹವೆಯಲ್ಲಿ ಕಪಾಟಿನೊಳಗೆ ಜಾಕೆಟ್ಟಿಗೆ ವಾರಕ್ಕೊಮ್ಮೆ ಬಿಳಿ ಬೂಸ್ಟು ಬರುತ್ತಿತ್ತು. ಆತ ಮೆಟ್ಟಿಲ ಮೇಲೆ ಕುಳಿತು, ಎಳೆಗೂಸಿನ ಮೈ ಒರೆಸಿದ ಹಾಗೆ ಅದನ್ನು ಒರೆಸುತ್ತಿದ್ದ.

ಆದರೆ ಒಂದು ಮಾತು. ಅಂದಿನ ಜಗಳ ಅರ್ಧ ತಾಸು ನಡೆದಿತ್ತು. ಅರ್ಧ ತಾಸು ಅಹಲ್ಯಾ ಅವನನ್ನೇ ನೋಡುತ್ತ, ಅವನೊಬ್ಬನ ಜೊತೆ, ಅಚ್ಚ ಧಾರವಾಡದ ಕನ್ನಡದಲ್ಲಿ ಮಾತಾಡಿದ್ದಳು. ನೀರು ಹಾಕಿಕೊಳ್ಳುತ್ತ ಭರತೇಶನಿಗೆ ಮನಸ್ಸು ಹಗುರವಾದಂತಿತ್ತು. ಎರಡನೆಯ ಜಾಕೆಟ್ಟನ್ನು ಆತ ಅರ್ಧ ಇತಿಹಾಸಕ್ಕಾಗಿ, ಅರ್ಧ ಆ ಜಗಳಕ್ಕಾಗಿ ತಂದ ಎಂದರೂ ಸುಳ್ಳಲ್ಲ. ಕುರಿಯ ಉಣ್ಣೆಯ ಒಳಪದರವಿದ್ದ, ಹಿಮಾಲಯದ ಮೇಲೆ ಹಾರಾಡಲು ತಕ್ಕುದಾದ ದಪ್ಪ ಜಾಕೆಟ್ಟದು. ಕಸ್ಬಾದಿಂದ ಬೆಹಾಲಾಕ್ಕೆ ಬಸ್ಸಿನಲ್ಲಿ ಹೋಗಲು ತಕ್ಕುದಲ್ಲ. ಆಗ ಜಗಳ ನಾಲ್ಕು ಮಾತಿಗೆ ಮುಗಿಯಿತು. ಮೂರನೆಯದು ತಂದಾಗ ಅಹಲ್ಯಾ ಫೋನಿನಲ್ಲಿದ್ದಳು. ತಲೆಯೆತ್ತಿ ನೋಡಲೂ ಇಲ್ಲ. ಬೆರಳಿನಿಂದ ಬಾಗಿಲಾಚೆ ತೋರಿಸಿದಳು, ಅಷ್ಟೇ.

ಈ ಮೂರನೆಯದೇ ನಮ್ಮ ಕತೆಯ ನಾಯಕ.

ಇದರ ಬೆನ್ನ ಮೇಲೆ ಒಂದು ಬಿಳಿ ಬಟ್ಟೆಯ ತುಂಡನ್ನು ಹೊಲಿದಿತ್ತು. ಬಟ್ಟೆಯ ಮೇಲೆ ಬಂಗಾಳಿ ಅಕ್ಷರ. ಯುದ್ಧದ ಕಾಲದಲ್ಲಿ ಈ ಕಡೆಯ ಬೆಟ್ಟ ಕಾಡುಗಳ ಮೇಲೆ ಹಾರುತ್ತಿದ್ದ ಪರದೇಶಿ ವಿಮಾನಯೋಧರು ಇಂಥ ಬಟ್ಟೆಯನ್ನು ಇಟ್ಟುಕೊಂಡಿರುತ್ತಿದ್ದರು. ವಿಮಾನ ಬಿದ್ದು ಎಲ್ಲಾದರೂ ಸಿಕ್ಕಿಕೊಂಡರೆ ಊರವರು ಓದಿ ಕಾಪಾಡಲಿ ಎಂದು. ಅಸಲಿ ಬಟ್ಟೆಯಲ್ಲಿ ಮೇಲೊಂದು ದೊಡ್ಡ ಬಾವುಟ ಇರುತ್ತದೆ. ಪರದೇಶದ ಬಾವುಟ ಹಾಕಿ ಇಲ್ಲದ ರಗಳೆ ಯಾಕೆಂದು ಟ್ಯಾಂಗ್ರಾದ ಮಾಲೀಕ ಅದನ್ನು ಬಿಟ್ಟು, ಉಳಿದ ಜಾಗ ತುಂಬುವಂತೆ ಅಕ್ಷರಗಳನ್ನು ದಪ್ಪ ಮಾಡಿಸಿದ್ದ. "ಏನು ಬರೆದಿದೆ?" ಎಂದು ಭರತೇಶ ಕೇಳಿದ್ದಕ್ಕೆ, "ಆಗಿನವರು ಏನು ಬರೆಸಿದ್ದರೋ ಅದೇ ಸಾರ್," ಎಂದಿದ್ದ. ಯಾವುದೋ ಪಡೆಯ ಬಿರುದು ಬಾವಲಿ ಇರಬೇಕೆಂದುಕೊಂಡು ಭರತೇಶ ತೃಪ್ತನಾದ. ಜಿಪ್ಪಿನ ಹಲ್ಲು ನೋಡಿ ಯಾವ ವರ್ಷದ ಮಾದರಿ ಎಂದು ಹೇಳಬಲ್ಲವನಿಗೆ, ಆರು ವರ್ಷ ಬಾಳಿದ ಊರಿನ ಅ ಆ ಇ ಈ ಓದಲು ಬರುತ್ತಿರಲಿಲ್ಲ.

ಕೋಲ್ಕತ್ತಾಕ್ಕೆಲ್ಲ ತಿಳಿದದ್ದನ್ನು ಓದುಗರಿಂದ ಮುಚ್ಚಿಡುವುದೇಕೆ? ಬೆನ್ನ ಮೇಲೆ ಇದ್ದದ್ದು ಇಷ್ಟು: 'ಪ್ರಿಯ ಬಂಧು, ನಾನು ದೂರದವನು. ದಾರಿ ತಪ್ಪಿದ್ದೇನೆ. ನಿಮ್ಮ ಭಾಷೆ ನನಗೆ ಬಾರದು. ನನ್ನಿಂದ ನಿಮಗೆ ಯಾವ ಕೇಡೂ ಇಲ್ಲ. ದಯವಿಟ್ಟು ಅನ್ನ ನೀರು ಕೊಟ್ಟು ಹತ್ತಿರದ ಠಾಣೆಗೆ ತಲುಪಿಸಿ. ನನ್ನ ಸರ್ಕಾರ ನಿಮಗೆ ಬಹುಮಾನ ಕೊಡುತ್ತದೆ.'

ಚಳಿಗಾಲ ಬಂದಿತ್ತು. ಅಂದರೆ ಹವೆ ಒಂದಿಷ್ಟು ತಣ್ಣಗಾಗಿ, ಊರಿಗೆ ಊರೇ ಮಂಕಿ ಟೋಪಿ ಹಾಕಿಕೊಂಡು ಕೆಮ್ಮತೊಡಗಿತ್ತು. ಭರತೇಶ ಮೂರನೆಯ ಜಾಕೆಟ್ಟು ತೊಟ್ಟು ಹೊರಬಿದ್ದ. ಅಂದಿನಿಂದ ಅವನ ಪಾಲಿಗೆ ಊರೇ ಬದಲಾಯಿತು.

ಮೆಟ್ರೋದಲ್ಲಿ ಆತ ಹತ್ತಿ ಬಾಗಿಲ ಕಡೆ ತಿರುಗಿ ನಿಂತರೆ ಸಾಕು, ಹಿಂದಿನಿಂದ ಯಾರಾದರೂ ಎದ್ದು, "ಬೊಶುನ್ ಕಾಕು," ಕೂತುಕೊಳ್ಳಿ ಕಾಕಾ, ಎಂದು ಜಾಗ ಬಿಡುತ್ತಿದ್ದರು. ಗಡಿಯಾಹಾಟ್ ಚೌಕದಲ್ಲಿ ರಸ್ತೆ ದಾಟಲು ನಿಂತರೆ ಕಾಲೇಜು ಹುಡುಗಿಯೊಬ್ಬಳು ತೋಳು ಹಿಡಿದು ಆಚೆ ಮುಟ್ಟಿಸಿ, ಗಲ್ಲ ಚಿವುಟುವುದೊಂದನ್ನು ಮಾತ್ರ ಬಿಟ್ಟಳು. ಜಾದವ್‌ಪುರದ ಬಸ್ ನಿಲ್ದಾಣದ ಹತ್ತಿರ ಚಹಾ ಮಾರುವ, ಎಲ್ಲರೂ ಮಾಶಿ ಎನ್ನುವ ಹೆಂಗಸು ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟು, ಬಿಸಿಯಿದೆ ಎಂದು ತಾನೇ ಊದಿ, ಎರಡು ಬಿಸ್ಕತ್ತು ಅಂಗೈಲಿಟ್ಟಳು. ಇನ್ನೊಬ್ಬ ದಯಾವಂತ ಎಗ್ ರೋಲ್ ತಂದು ಕೈಗೆ ತುರುಕಿದ. ಮೈ ತುಂಬ ಆಡು ಹೊದ್ದಿದ್ದರೂ ಮೊಟ್ಟೆ ಮುಟ್ಟದ ಕುಲದವನಾದ್ದರಿಂದ, ಭರತೇಶ ಅದನ್ನು ಎದೆಯ ಮೇಲಿನ ಗುಂಡಿ ಕಿಸೆಯಲ್ಲಿ ಗೌರವದಿಂದ ಇಟ್ಟುಕೊಂಡು, ಮರೆಯಾದ ಮೇಲೆ ಒಂದು ನಾಯಿಗೆ ಅರ್ಪಿಸಿದ.

ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. "ಬಾಡಿ ಕೋಥಾಯ್?" ಬಂಗಾಳಿಯಲ್ಲಿ ಬಾಡಿ ಎಂದರೆ ಮನೆ. (ಬಂದ ಹೊಸದರಲ್ಲಿ ಯಾರೋ ಇನ್ಯಾರನ್ನೋ 'ನಿಮ್ಮ ಬಾಡಿ ಎಲ್ಲಿ' ಎಂದು ಕೇಳಿದ್ದು ಕಿವಿಗೆ ಬಿದ್ದು, ಭರತೇಶ ತನ್ನ ಎದೆ ಮುಟ್ಟಿ ನೋಡಿಕೊಂಡಿದ್ದುಂಟು.) ಈಗ ಅರ್ಥ ತಿಳಿದಿತ್ತು. ಊರು ಯಾವುದೆಂದು ಕೇಳುವವರಿಗಾಗಿ ಆರು ವರ್ಷ ಕಾದವನು ಎದೆಯುಬ್ಬಿಸಿ, "ಧಾರವಾಡ," ಎನ್ನುತ್ತಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿ ನಿಟ್ಟುಸಿರುಬಿಡುತ್ತಿದ್ದರು. ಧಾರವಾಡದ ಹೆಸರು ಬಂಗಾಳದ ಮೇಲೆ ಇಷ್ಟು ಪರಿಣಾಮ ಮಾಡುತ್ತದೆಂದು ಅವನಿಗೆ ತಿಳಿದಿರಲಿಲ್ಲ.

"ಈ ಊರಾಗ ವಿಮಾನದವರಿಗೆ ಎಷ್ಟ ಮರ್ಯಾದಿ ಅದ ನೋಡು," ಎಂದ ಒಂದು ಸಂಜೆ ಅಹಲ್ಯಾಳಿಗೆ. "ಇವತ್ತ ಒಬ್ಬಾಕಿ ನನಗ ಬಿಸ್ಕಿಟ್ ಕೊಟ್ಲು."

"ಹ್ಞೂಂ," ಎಂದಳು ಅಹಲ್ಯಾ, ಫೋನಿನಿಂದ ಕಣ್ಣೆತ್ತದೆ. "ಗೀಜರ್ ಬಂದ್ ಮಾಡೀರೇನು?"

ಆತ ಎದ್ದು ಹೋಗಿ ಬಂದ್ ಮಾಡಿದ.

ಜನವರಿಯ ಒಂದು ಭಾನುವಾರ ಅಹಲ್ಯಾ ಮಂಡಳಿಗೆ ಹೊರಟ ಮೇಲೆ ಭರತೇಶ ಜಾದವ್‌ಪುರದ ಕಡೆಗೆ ಹೋದ. ಮೋಡವಿಲ್ಲದ ದಿನ, ಬಿಸಿಲು ಏರಿ, ಜಾಕೆಟ್ಟಿನೊಳಗೆ ಇಡ್ಲಿ ಪಾತ್ರೆಯ ಹಾಗೆ ಹಬೆಯಾಡುತ್ತಿತ್ತು. ಆದರೆ ಬಿಚ್ಚಿದರೆ ಮತ್ತೆ ವಿಮೆಯವನಾಗಬೇಕಲ್ಲ. ವಿಶ್ವವಿದ್ಯಾಲಯದ ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಕುಳಿತು, ಬೆವರು ಒರೆಸಿಕೊಳ್ಳುತ್ತ, ಸುಮ್ಮನೆ ಹೋಗಿಬರುವವರನ್ನು ನೋಡುತ್ತಿದ್ದ. ಇಬ್ಬರು ವಿದ್ಯಾರ್ಥಿನಿಯರು ಹಿಂದಿನಿಂದ ಬಂದವರು ನಿಂತರು. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಒಬ್ಬಳು ಮುಂದೆ ಬಂದು ನೀರಿನ ಬಾಟಲಿ ಕೊಟ್ಟಳು.

"ಬಾಡಿ ಕೋಥಾಯ್, ಕಾಕು?"

"ಧಾರವಾಡ."

"ಬನ್ನಿ, ನಾವು ಕರಕೊಂಡು ಹೋಗುತ್ತೇವೆ," ಎಂದಳು ಹಿಂದಿಯಲ್ಲಿ. "ಥಾನಾ. ಇಲ್ಲೇ ಹತ್ತಿರ."

ಭರತೇಶನ ಕಿವಿಗೆ ಅದು 'ಖಾನಾ' ಎಂದು ಬಿತ್ತು. ಊಟಕ್ಕೆ ಕರೆಯುತ್ತಿದ್ದಾರೆ. ವಿಮಾನವೀರರಿಗೆ ಭಾನುವಾರದ ಔತಣ. "ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೆಯುವುದಿಲ್ಲ," ಎಂದು ಹಿಂದಿಯಲ್ಲಿ ಮೊದಲೇ ಎಚ್ಚರಿಸಿದ. ಅವರು, "ಇಲ್ಲ ಇಲ್ಲ, ಅವರು ಏನೂ ಮಾಡುವುದಿಲ್ಲ, ಹೆದರಬೇಡಿ," ಎಂದು ಅವನ ಎರಡು ಕೈ ಎರಡು ಕಡೆ ಹಿಡಿದು ನಡೆಸಿಕೊಂಡು ಹೋದರು. ಊಟಕ್ಕೆ ಹೆದರುವುದೇನು ಎಂದು ಭರತೇಶ ಯೋಚಿಸುವಷ್ಟರಲ್ಲಿ ಪೊಲೀಸ್ ಠಾಣೆ ಬಂದಿತ್ತು.

ಠಾಣೆಯಲ್ಲೂ ಅವನಿಗೆ ಅನುಮಾನ ಬರಲಿಲ್ಲ. ಬರುವಂತೆ ಯಾರೂ ನಡೆದುಕೊಳ್ಳಲಿಲ್ಲ. ಬೊಡೊಬಾಬು, ಅಂದರೆ ಠಾಣೆಯ ದೊಡ್ಡ ಅಧಿಕಾರಿ, ಎದ್ದು ಬಂದು ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದ. ಹೆಂಗಸು ಪೇದೆಯೊಬ್ಬಳು ಪಕ್ಕದಲ್ಲಿ ಕುಳಿತು ಅವನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಸಂದೇಶ ಎಂಬ ಹಾಲಿನ ಮಿಠಾಯಿ ತಂದಿಟ್ಟರು. ಅಪ್ಪ ಏನು ಮಾಡುತ್ತಿದ್ದರು, ಮನೆಯಲ್ಲಿ ಯಾರ್ಯಾರಿದ್ದರು, ಓಣಿ ಹೇಗಿತ್ತು ಎಂದು ಬೊಡೊಬಾಬು ಹಿಂದಿಯಲ್ಲಿ ಮೆಲ್ಲಗೆ ಕೇಳುತ್ತ ಹೋದ. ಭರತೇಶ ಹೇಳುತ್ತ ಹೋದ. ಲೈನ್ ಬಜಾರಿನ ಸಂಜೆ, ಸೋದರಮಾವನ ಸೈಕಲ್ಲು, ಮನೆಯ ಹಿಂದಿನ ಪೇರಲ ಗಿಡ, ಅದರಿಂದ ತಾನು ಬಿದ್ದದ್ದು, ಬಿದ್ದವನನ್ನು ಅವ್ವ ಮೊದಲು ಹೊಡೆದು ಆಮೇಲೆ ಅತ್ತದ್ದು. ಇಷ್ಟು ಮಾತನ್ನು ಆತ ಆರು ವರ್ಷದಲ್ಲಿ ಒಟ್ಟಾರೆ ಆಡಿರಲಿಲ್ಲ. ಬೊಡೊಬಾಬು ನಡುನಡುವೆ, "ಹ್ಞಾ, ಹ್ಞಾ, ಆಮೇಲೆ?" ಎನ್ನುತ್ತಿದ್ದ. ಆಮೇಲೆ ಎಂದು ಕೇಳುವವರು ಇದ್ದರೆ ಮನುಷ್ಯನಿಗೆ ಇನ್ನೇನು ಬೇಕು. ಸುಖವಾಗಿ ಸಂದೇಶ ಮೆಲ್ಲುತ್ತ ಭರತೇಶ ಅಂದುಕೊಂಡ: ಈ ಊರನ್ನು ನಾನು ಸುಮ್ಮನೆ ಬೈದೆ.

"ಈಗ ಮನೆ ಎಲ್ಲಿ?" ಎಂದ ಬೊಡೊಬಾಬು.

"ಕಸ್ಬಾ."

"ಧಾರವಾಡ ಎಂದಿರಿ?"

"ಅದೂ ಮನೆಯೇ."

"ಎರಡರಲ್ಲಿ ನಿಮ್ಮದು ಯಾವುದು?"

ಭರತೇಶ ಸುಳ್ಳು ಹೇಳುವವನಲ್ಲ. ಪ್ರಶ್ನೆಯನ್ನು ಮನಸ್ಸಿಟ್ಟು ಯೋಚಿಸಿದ. ಧಾರವಾಡದ ಮನೆ ಮಾರಿ ಎಷ್ಟೋ ವರ್ಷವಾಗಿತ್ತು. ಕಸ್ಬಾದ್ದು ಕಂಪನಿಯ ಫ್ಲ್ಯಾಟು. "ನಿಜ ಹೇಳಬೇಕೆಂದರೆ ಗೊತ್ತಿಲ್ಲ," ಎಂದ.

ಪೇದೆ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಹೆಂಡತಿಯ ಫೋನ್ ನಂಬರು ಕೇಳಿದರು. ಅದು ಮೊಬೈಲಿನಲ್ಲಿತ್ತು, ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಈ ಕಾಲದಲ್ಲಿ ನಂಬರು ಬಾಯಿಪಾಠ ಯಾರಿಗಿರುತ್ತದೆ? ಆದರೆ ಇದು ಸಾಮಾನ್ಯರಿಗೆ ಸಲ್ಲುವ ನೆಪ, ಬೆನ್ನ ಮೇಲೆ ಬೋರ್ಡು ಹೊತ್ತವನಿಗಲ್ಲ. ಕಡೆಗೆ ಫ್ಲ್ಯಾಟಿನ ಹೆಸರು ಹಿಡಿದು, ಅಲ್ಲಿನ ಕಾವಲುಗಾರನ ಮೂಲಕ ಅಹಲ್ಯಾಳಿಗೆ ಸುದ್ದಿ ಮುಟ್ಟಿಸಿದರು: ನಿಮ್ಮ ಗಂಡ ಠಾಣೆಯಲ್ಲಿದ್ದಾರೆ, ಬನ್ನಿ.

ಅಹಲ್ಯಾ ಮಂಡಳಿಯ ಅಧ್ಯಕ್ಷೆ ಪ್ರೇರಣಾಜಿಯ ಕಾರಿನಲ್ಲಿ ಬಂದಳು, ಪ್ರೇರಣಾಜಿಯೂ ಜೊತೆಗಿದ್ದರು. ದಾರಿಯುದ್ದಕ್ಕೂ ಏನೇನು ಕಲ್ಪಿಸಿಕೊಂಡಿದ್ದಳೋ, ಮುಖ ಬೂದಿಯಾಗಿತ್ತು. ಫ್ಯಾನಿನ ಕೆಳಗೆ ಸಂದೇಶ ತಿನ್ನುತ್ತ ಕುಳಿತ ಗಂಡನನ್ನು ಕಂಡವಳೇ ಓಡಿಬಂದು ಜಾಕೆಟ್ಟಿನ ಎರಡೂ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ತೊಗಲನ್ನು ಆಕೆ ಮುಟ್ಟಿದ್ದು ಅದೇ ಮೊದಲು. ಮುಟ್ಟಿದ್ದು ಆಕೆಗೆ ತಿಳಿಯಲಿಲ್ಲ, ಭರತೇಶನಿಗೆ ತಿಳಿಯಿತು.

"ಏನಾತ್ರಿ ನಿಮಗ?"

"ಏನೂ ಆಗಿಲ್ಲ. ಊಟಕ್ಕ ಕರದಾರ."

ಬೊಡೊಬಾಬು ಗಂಟಲು ಸರಿಮಾಡಿಕೊಂಡ. "ಅಮ್ಮಾ, ಬೆನ್ನ ಮೇಲೆ ಬರೆದು ಹೊಲಿದು ಕಳಿಸಿದ್ದು ಒಳ್ಳೆಯದೇ. ಆದರೆ ವಿಳಾಸ ಹಾಕಬೇಕಿತ್ತು." ಎಂದು, ಬಟ್ಟೆಯ ಮೇಲಿದ್ದುದನ್ನು ಒಂದೊಂದೇ ಸಾಲಾಗಿ ಹಿಂದಿಯಲ್ಲಿ ಓದಿ ಹೇಳಿದ. ಕೊನೆಯ ಸಾಲಿಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಪೇದೆ, "ಬಹುಮಾನ ಕೊಡುವ ಸರ್ಕಾರ ಯಾವುದು ಸಾರ್, ಕೇಂದ್ರವೋ ರಾಜ್ಯವೋ?" ಎಂದು ವಿಚಾರಿಸಿದ.

ಭರತೇಶನ ಬಾಯಲ್ಲಿ ಸಂದೇಶ ಹಾಗೇ ನಿಂತಿತು. ಮೆಟ್ರೋದ ಸೀಟು, ಗಡಿಯಾಹಾಟಿನ ಹುಡುಗಿಯ ಕೈ, ಮಾಶಿ ಊದಿ ಕೊಟ್ಟ ಚಹಾ ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು, ಇನ್ನೊಂದು ಅರ್ಥ ತೊಟ್ಟುಕೊಂಡು ಹಿಂದೆ ಸರಿದವು. ಇಡೀ ಊರು ತನ್ನ ಎದೆ ನೋಡಿ ಮರ್ಯಾದೆ ಕೊಟ್ಟಿತೆಂದು ಆತ ತಿಳಿದಿದ್ದ. ಊರು ಅವನ ಬೆನ್ನು ಓದುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದೆಂದರೆ, ಅಲ್ಲಿ ಬರೆದದ್ದರಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ದೂರದವನು, ಹೌದು. ಭಾಷೆ ಬಾರದು, ಹೌದು. ಯಾರಿಗೂ ಕೇಡಿಲ್ಲ, ಅದೂ ಹೌದು.

"ಎಷ್ಟು ದಿನದಿಂದ ಹೀಗಿದ್ದಾರೆ?" ಎಂದು ಬೊಡೊಬಾಬು ಅಹಲ್ಯಾಳನ್ನು ಕೇಳಿದ.

ಅಹಲ್ಯಾ ಉತ್ತರಿಸುವ ಮೊದಲೇ ಪ್ರೇರಣಾಜಿ ಮೂಗು ಅರಳಿಸಿದರು. "ಇದು ಚರ್ಮದ ವಾಸನೆಯಲ್ಲವೆ ಅಹಲ್ಯಾಜಿ?"

ಅಹಲ್ಯಾ ಗಂಡನ ಮುಖ ನೋಡಿದಳು, ಅಧ್ಯಕ್ಷೆಯ ಮುಖ ನೋಡಿದಳು, ತನ್ನ ಕೈಯಲ್ಲಿದ್ದ ತೋಳನ್ನು ನೋಡಿದಳು. ಅಹಿಂಸೆಯ ಮೇಲೆ ಹೋದ ತಿಂಗಳಷ್ಟೇ ಆಕೆ ಮಂಡಳಿಯಲ್ಲಿ ಉಪನ್ಯಾಸ ಮಾಡಿದ್ದಳು.

"ಯಾರೋ ಹಾಕಿಸಿಬಿಟ್ಟಿದ್ದಾರೆ," ಎಂದಳು ಹಿಂದಿಯಲ್ಲಿ, ತಗ್ಗಿದ ದನಿಯಲ್ಲಿ. "ಇವರಿಗೆ ತಿಳಿಯುವುದಿಲ್ಲ. ನೆನಪು ನಿಲ್ಲುವುದಿಲ್ಲ."

"ನನಗ?" ಎಂದು ಭರತೇಶ ಎದ್ದ.

"ಸುಮ್ನ ಕೂಡ್ರಿ," ಎಂದಳು ಅಹಲ್ಯಾ, ಕನ್ನಡದಲ್ಲಿ, ಮುಖದ ದುಃಖ ಒಂದಿಷ್ಟೂ ಕದಡದಂತೆ. "ತೊಗಲಂತ ಗೊತ್ತಿದ್ದು ಹಾಕ್ಕೊಂಡೀರಂದ್ರ ನಾ ಮಂಡಳ್ಯಾಗ ಮಾರಿ ತೋರಸೂ ಹಂಗಿಲ್ಲ. ಮರವು ರೋಗ. ರೋಗಕ್ಕ ಪಾಪ ಇಲ್ಲ."

"ಹಂಗಂತ ನನ್ನ ಹುಚ್ಚನ್ನ ಮಾಡ್ತೀ ಏನು?"

"ನೀವು ಮೊದ್ಲ ಮಾಡ್ಕೊಂಡೀರಿ. ನಾ ಬರೇ ಹೌದಂದೆ."

"ಏನೆನ್ನುತ್ತಿದ್ದಾರೆ?" ಎಂದರು ಪ್ರೇರಣಾಜಿ.

"ಊರಿಗೆ ಹೋಗಬೇಕಂತೆ," ಎಂದಳು ಅಹಲ್ಯಾ. ಪ್ರೇರಣಾಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೊಡೊಬಾಬು ಸಹಿ ಹಾಕಿಸಿಕೊಂಡು, ಕಳೆದುಹೋದ ಸಾಮಾನನ್ನು ವಾರಸುದಾರರಿಗೆ ಒಪ್ಪಿಸುವಂತೆ ಭರತೇಶನನ್ನು ಅಹಲ್ಯಾಳಿಗೆ ಒಪ್ಪಿಸಿದ.

ಮಾರನೆಯ ದಿನ ಭರತೇಶ ಬ್ಲೇಡಿನಿಂದ ಆ ಬಟ್ಟೆಯನ್ನು ಬಿಚ್ಚಿ ತೆಗೆದ. ಬರಿಯ ಜಾಕೆಟ್ಟು ತೊಟ್ಟು ಹೊರಟರೆ ಮೆಟ್ರೋದಲ್ಲಿ ಯಾರೂ ಏಳಲಿಲ್ಲ. ಗಡಿಯಾಹಾಟಿನಲ್ಲಿ ಸಿಗ್ನಲ್ಲು ಬೀಳುವವರೆಗೂ ಒಬ್ಬನೇ ನಿಂತ. ಕೈ ಇಡಲು ಜಾಕೆಟ್ಟಿಗೆ ಕಿಸೆಯೂ ಇರಲಿಲ್ಲ. ಜಾದವ್‌ಪುರದ ಮಾಶಿ ಮಾತ್ರ ಗುರುತು ಹಿಡಿದಳು. ಸುತ್ತ ಬಂದು ಬೆನ್ನು ನೋಡಿ, ಮುಖವರಳಿಸಿ, "ಭಾಲೋ ಹೊಯೆ ಗೆಛೇನ್?" ಎಂದಳು. ವಾಸಿಯಾಯಿತೇ? ಭರತೇಶ ಹೌದೆಂದು ತಲೆಯಾಡಿಸಿದ. ಆಕೆಗೆ ನಿಜವಾಗಿ ಸಂತೋಷವಾಯಿತು. ಚಹಾ ಕೊಟ್ಟಳು, ಕಾಸು ತೆಗೆದುಕೊಂಡಳು, ಮುಂದಿನ ಗಿರಾಕಿಯ ಕಡೆ ತಿರುಗಿದಳು. ವಾಸಿಯಾದವನನ್ನು ಕಟ್ಟಿಕೊಂಡು ಯಾರು ಕೂಡುತ್ತಾರೆ? ಕುಡಿಕೆ ತಾನೇ ಊದಿಕೊಂಡು ಆತ ಚಹಾ ಕುಡಿದ.

ಹೊರಗೆ ಹೀಗೆ ಗುಣವಾದವನು ಮನೆಯಲ್ಲಿ ಮಾತ್ರ ರೋಗಿಯಾಗಿಯೇ ಉಳಿದ. ಸುದ್ದಿ ಮಂಡಳಿಯ ತುಂಬ ಹಬ್ಬಿತ್ತು. ಮುಂದಿನ ಭಾನುವಾರ ಮಧ್ಯಾಹ್ನ ಪ್ರೇರಣಾಜಿ ನಾಲ್ಕು ಹೆಂಗಸರನ್ನು ಕರೆದುಕೊಂಡು, ಒಂದು ಬುಟ್ಟಿ ಡಾರ್ಜಿಲಿಂಗ್ ಕಿತ್ತಳೆ ಹಿಡಿದು ಬಂದರು. ಭರತೇಶನನ್ನು ಸೋಫಾದ ನಡುವೆ ಕೂರಿಸಿದರು. ಎಲ್ಲರೂ ಅವನೊಂದಿಗೆ ಗಟ್ಟಿಯಾಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಮಾತಾಡಿದರು. ಊಟ ಆಯಿತೇ, ನಿದ್ದೆ ಬಂತೇ, ಇವತ್ತು ಯಾವ ವಾರ. ಆತ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದ; ಇವತ್ತು ಬಹಳ ಹುಷಾರಾಗಿದ್ದಾರೆ ಎಂದು ಅವರು ಮೆಚ್ಚಿಕೊಂಡರು. ಒಬ್ಬಾಕೆ ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಕೈಗಿಡುತ್ತಿದ್ದಳು. ಸುಳ್ಳು ಹೇಳಿ ಏನು, ಭರತೇಶನಿಗೆ ಹಾಯೆನಿಸಿತು.

"ಭಾಯಿಸಾಹೇಬ್," ಎಂದರು ಪ್ರೇರಣಾಜಿ, ಎದುರಿಗೆ ಟ್ರೇ ಹಿಡಿದು ನಿಂತ ಅಹಲ್ಯಾಳ ಕಡೆ ಬೆರಳು ತೋರಿಸಿ. "ಇವರು ಯಾರು, ಗುರುತು ಸಿಕ್ಕಿತೇ?"

ಭರತೇಶ ನೋಡಿದ. ಕೇಳಿದ್ದಾರೆಂದು ನೋಡಲೇಬೇಕಾಯಿತು. ಅಹಲ್ಯಾಳೇ. ಆದರೆ ಮುಖದ ಸುತ್ತ ಏನೋ ಬೇರೆಯಾಗಿತ್ತು. ಕಿವಿಯ ಹಿಂದೆ ನರೆ ಬಂದಿತ್ತು. ಹೆಗಲ ಮೇಲಿಂದ ಮುಂದಕ್ಕೆ ಬಂದು ಸೊಂಟಕ್ಕಿಳಿಯುತ್ತಿದ್ದ ಜಡೆ ಇರಲಿಲ್ಲ. ಕೂದಲು ಭುಜಕ್ಕೇ ನಿಂತಿತ್ತು. ಆತ ಬಹಳ ಹೊತ್ತು ನೋಡಿದ.

"ಕೂದ್ಲ ಯಾವಾಗ ಕತ್ತರಿಸಿದಿ?" ಎಂದ ಕನ್ನಡದಲ್ಲಿ.



"ದೀಪಾವಳಿಗೆ," ಎಂದಳು ಅಹಲ್ಯಾ.

"ಏನಂದರು?" ಎಂದರು ಪ್ರೇರಣಾಜಿ.

"ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ ಎಂದರು," ಎಂದು ಅಹಲ್ಯಾ ಟ್ರೇ ಇಳಿಸಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಅವರೆಲ್ಲ ಹೊರಟುಹೋದ ಮೇಲೆ ಆಕೆ ಲೋಟ ಎತ್ತಿದಳು, ಕಿತ್ತಳೆಯ ಸಿಪ್ಪೆ ಬಳಿದಳು. ಹೊರಗೆ ಬೆಳಕು ಇಳಿಯುತ್ತಿತ್ತು. ಊಟದ ಹೊತ್ತು ಮೀರುವುದರಲ್ಲಿತ್ತು. ಫೋನು ಒಂದೆರಡು ಸಲ ಬಡಿದುಕೊಂಡಿತು. ಆಕೆ ಅದನ್ನು ಎತ್ತದೆ, ಸೋಫಾದ ಆ ತುದಿಗೆ ಬಂದು ಕುಳಿತಳು.

"ಚಲೋ ನಾಟಕ ಮಾಡಿದ್ರಿ," ಎಂದಳು. "ಗುರುತ ಸಿಗದವರಂಗ ಅಷ್ಟೊತ್ತು ನೋಡಿದ್ರಲ್ಲ, ಪ್ರೇರಣಾಜಿ ಅತ್ತಬಿಟ್ರು."

ಅದು ನಾಟಕವಲ್ಲ ಎಂದು ಹೇಳುವ ಧೈರ್ಯ ಭರತೇಶನಿಗೆ ಬರಲಿಲ್ಲ. ಕೈಯಲ್ಲಿ ಉಳಿದಿದ್ದ ಒಂದು ತೊಳೆಯ ನಾರನ್ನು ಎಳೆ ಎಳೆಯಾಗಿ ಬಿಡಿಸುತ್ತ ಕುಳಿತ.

"ಮುಂದಿನ ಆಯಿತವಾರನೂ ಬರ್ತಾರಂತ," ಎಂದಳು ಅಹಲ್ಯಾ. "ಇನ್ನೂ ಇಬ್ಬರನ್ನ ಕರ್ಕೊಂಡು."

"ಬರ್ಲಿ." ಆತ ತೊಳೆಯನ್ನು ಆಕೆಯ ಕಡೆ ಚಾಚಿದ. "ಆವಾಗ ಏನು ಮರೀಲಿ, ಹೇಳು."

ಅಹಲ್ಯಾ ತೊಳೆ ತೆಗೆದುಕೊಂಡಳು. ಬಾಯಿಗೆ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

"ಹೊಸಾದೇನೂ ಮರೀಬ್ಯಾಡ್ರಿ," ಎಂದಳು. "ಇಷ್ಟ ದಿನ ಮರತದ್ದ ರಗಡ ಅದ."